ಸಾಕ್ಷಿ ಹೇಳುವ ಭಾನುವಾರ

ನನ್ನ ತಂಗಿಯ ಬಲಗೈಯನ್ನು ಲಾಂಡ್ರಿಯ ಇಸ್ತ್ರಿ ರೋಲರ್ ಒಳಗೆಳೆದುಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಹಿಂದೆಲ್ಲ ಆ ಹೊತ್ತಿಗೆ ನಾವಿಬ್ಬರೂ ಪ್ರಾರ್ಥನೆಯ ಶೆಡ್ಡಿನಲ್ಲಿ ಚಾಪೆಯ ಮೇಲೆ ಕೂತಿರುತ್ತಿದ್ದೆವು.

ನಾನು ಅವಳ ಪಕ್ಕದಲ್ಲೇ ಇದ್ದೆ. ಒದ್ದೆ ಬೆಡ್‌ಶೀಟಿನ ಎಡ ತುದಿ ನನ್ನ ಕೈಯಲ್ಲಿ, ಬಲ ತುದಿ ಅವಳ ಕೈಯಲ್ಲಿ. ಇಬ್ಬರೂ ಸಮನಾಗಿ ಬಿಗಿಹಿಡಿದು ರೋಲರಿನ ಬಾಯಿಗೆ ಕೊಡಬೇಕು. ಒಂದು ಬದಿ ಸಡಿಲವಾದರೆ ಸುಕ್ಕು. ಸುಕ್ಕು ಬಿದ್ದರೆ ಮೇಸ್ತ್ರಿಯ ಬೈಗುಳ. ಸುಕ್ಕು ಬಿಡಿಸಲು ತಂಗಿ ಕೈ ಚಾಚಿದಳು. ಅಷ್ಟೇ. ಬೆರಳು ಹೋಯಿತು. ಅಂಗೈ ಹೋಯಿತು. ಮಣಿಕಟ್ಟಿನವರೆಗೂ ಹೋಯಿತು. ಯಂತ್ರದ ಸದ್ದಿನಲ್ಲಿ ಅವಳು ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಶೀಟು ನನ್ನ ಕೈಯಿಂದ ಜಗ್ಗಿದಾಗ ತಿರುಗಿ ನೋಡಿದೆ.

ನಿಲ್ಲಿಸುವ ಗುಂಡಿ ಯಂತ್ರದ ಆ ಬದಿಗಿತ್ತು. ಆರು ಹೆಜ್ಜೆ. ಒದ್ದೆ ನೆಲದಲ್ಲಿ ಜಾರಿ ಬಿದ್ದೆ, ಎದ್ದು ಓಡಿದೆ. ರೋಲರ್ ನಿಂತಿತು. ಶಾಖ ನಿಲ್ಲಲಿಲ್ಲ. ರೋಲರುಗಳನ್ನು ಬಿಡಿಸುವ ಸ್ಪ್ಯಾನರ್ ಮೇಸ್ತ್ರಿಯ ಹತ್ತಿರ. ಮೇಸ್ತ್ರಿ ಟೀ ಕುಡಿಯಲು ಹೋಗಿದ್ದ. ಅವನು ಬರುವವರೆಗೆ ತಂಗಿಯ ಸೊಂಟ ಹಿಡಿದು ನಿಂತಿದ್ದೆ. ಬೇಯುವ ವಾಸನೆ ಬರುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳಲಾರೆ.

ಆ ಯಂತ್ರಕ್ಕೆ ಒಂದು ತಡೆಪಟ್ಟಿ ಇದೆ. ರೋಲರಿನ ಬಾಯಿಯ ಮುಂದೆ ಅಡ್ಡಲಾಗಿ ತೂಗುವ ಕಬ್ಬಿಣದ ಪಟ್ಟಿ. ಬೆರಳು ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ದಪ್ಪ ಹೊಲಿಗೆಯ ಶೀಟು ತಾಗಿದರೂ ನಿಲ್ಲುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಕೆಲಸ ನಿಂತರೆ ಶೀಟು ಒಯ್ಯಲು ಬರುವ ಹೋಟೆಲಿನವರ ಲಾರಿ ಕಾಯುವುದಿಲ್ಲ. ಅದಕ್ಕೇ ಎಂಟು ತಿಂಗಳಿಂದ ಆ ಪಟ್ಟಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದಿತ್ತು.

ಆ ದಿನ ಸಂಜೆಯ ಒಳಗೆ ತಂತಿ ಮಾಯವಾಯಿತು. ಪಟ್ಟಿ ಕೆಳಗಿಳಿಯಿತು. ಹೊಸ ಬೋಲ್ಟು, ಹೊಸ ಬಣ್ಣ.

ನಮ್ಮ ಸಭೆಯ ಕಥೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಸಭೆ ಹುಟ್ಟಿದ್ದು ಲಾಂಡ್ರಿಯ ಹಿಂದೆ, ಹಳೆಯ ಡ್ರಮ್ಮುಗಳನ್ನು ಇಡುವ ಶೆಡ್ಡಿನಲ್ಲಿ. ನನ್ನಮ್ಮ, ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದ ಮಾಮ, ಬಟ್ಟೆಗೆ ಸೋಪು ಹಚ್ಚುತ್ತಿದ್ದ ಸೋಪಿನಜ್ಜಿ, ಇನ್ನೂ ಹತ್ತು ಮನೆಯವರು. ಬ್ಲೀಚಿನಿಂದ ಸುಟ್ಟ ಕೈಗಳನ್ನೇ ಮೇಲೆತ್ತಿ ಸ್ತೋತ್ರ ಹೇಳುತ್ತಿದ್ದರು. ಬಾಯ್ಲರ್ ಮಾಮನ ಮಗನಿಗೆ ಅ ಆ ಇ ಈ ತಿದ್ದಿಸಿದ್ದು ನಾನು. ಅವನೇ ಓದಿ, ಬೋಧನೆ ಕಲಿತು, ನಮ್ಮ ಪಾಸ್ಟರ್ ಆಗಿ ಬಂದ. ಜನರೆದುರು ನಾನು ಅವನಿಗೆ 'ಪಾಸ್ಟರ್ರೇ, ಬನ್ನಿ' ಅನ್ನುತ್ತಿದ್ದೆ. ಮನೆಯಲ್ಲಿ 'ಬಾರೋ, ಉಂಡು ಹೋಗೋ' ಅನ್ನುತ್ತಿದ್ದೆ.

ಆಗ ಅವನಿಗೆ ಬೆನ್ನುಮೂಳೆ ಇತ್ತು. ಒಮ್ಮೆ ಮೇಸ್ತ್ರಿ ಹೆಂಗಸರ ಕಕ್ಕಸಿಗೆ ಬೀಗ ಹಾಕಿಸಿದ. ಸುಮ್ಮನೆ ಹೋಗಿ ಹೊತ್ತು ಕಳೆಯುತ್ತೀರಿ ಅಂದ. ಊಟದ ಗಂಟೆಗೆ ಮಾತ್ರ ಬೀಗ ತೆಗೆಯುತ್ತಿದ್ದರು. ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬಸುರಿಯೊಬ್ಬಳು ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡು ಅತ್ತಳು. ಪಾಸ್ಟರ್ ಬಂದು ಲಾಂಡ್ರಿಯ ಗೇಟಿಗೆ ಬೆನ್ನು ಕೊಟ್ಟು ಮೂರು ದಿನ ನಿಂತ. 'ನಿಮ್ಮ ಮನೆ ಹೆಂಗಸರಿಗೂ ಬೀಗ ಹಾಕ್ತೀರಾ?' ಎಂದು ಲಾಂಡ್ರಿ ಯಜಮಾನರ ಕಾರು ತಡೆದು ಕೇಳಿದ. ನಾಲ್ಕನೆಯ ದಿನ ಬೀಗ ಹೋಯಿತು.

ಆಮೇಲೆ ಯಜಮಾನರ ಹೆಂಡತಿಗೆ ಕಾಯಿಲೆಯಾಯಿತು. ವೈದ್ಯರು ಕೈಚೆಲ್ಲಿದ್ದರಂತೆ. ಯಾರೋ ಹೇಳಿ ಪಾಸ್ಟರನ್ನು ಕರೆಸಿದರು. ನಾವೂ ಹೋಗಿ ಆ ಮನೆಯ ಅಮೃತಶಿಲೆಯ ನೆಲದ ಮೇಲೆ ಮಂಡಿಯೂರಿದೆವು. ಆಕೆ ಎದ್ದು ಕೂತರು. ಯಜಮಾನರು ದೀಕ್ಷಾಸ್ನಾನ ತೆಗೆದುಕೊಂಡರು. ಆ ದಿನ ನಾವು ಕುಣಿದಾಡಿಬಿಟ್ಟೆವು. ನಾನೂ ಕುಣಿದೆ. ಇನ್ನು ನಮ್ಮ ಕಷ್ಟ ತೀರಿತು ಅಂದುಕೊಂಡೆ.

ಶೆಡ್ಡು ಹೋಗಿ ಚರ್ಚು ಎದ್ದಿತು. ಕಾಂಕ್ರೀಟಿನ ಸೂರು, ಫ್ಯಾನು, ಮೈಕು. ಮುಂದಿನ ಸಾಲಿಗೆ ಮೆತ್ತನೆಯ ಕುರ್ಚಿ ಬಂತು. ಯಜಮಾನರ ಸ್ನೇಹಿತರು, ಬಂಧುಗಳು, ಹೋಟೆಲಿನ ಮ್ಯಾನೇಜರು ಬಂದರು. ನಮ್ಮ ಮೈಯ ಬ್ಲೀಚಿನ ವಾಸನೆ ಅವರಿಗೆ ತಡೆಯದು. 'ಅಕ್ಕ, ನಮ್ಮ ಹೆಂಗಸರಿಗೆ ಕಿಟಕಿ ಪಕ್ಕ ಕೂರೋಕೆ ಹೇಳು. ಹೊಸಬರು, ಪಾಪ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ' ಅಂದ ಪಾಸ್ಟರ್. ಮಾಡಿಕೊಂಡೆವು. ಆಮೇಲೆ ಹೋಟೆಲಿನವರಿಗೆ ಭಾನುವಾರವೂ ಶೀಟು ಬೇಕಾಯಿತು. ಮೊದಲು ಅರ್ಧ ದಿನ ಅಂದರು, ಆಮೇಲೆ ಇಡೀ ದಿನ. 'ದೇವರಿಗೆ ಗಡಿಯಾರ ಇಲ್ಲ ಅಕ್ಕ. ನಿಮಗೆ ಸಂಜೆ ಬೇರೆ ಆರಾಧನೆ ಇಡ್ತೀನಿ' ಅಂದ. ಬೆಳಗಿನದು ಅವರಿಗೆ, ಸಂಜೆಯದು ನಮಗೆ. ಒಂದೇ ಸಭೆ ಎರಡು ಸಭೆಯಾಯಿತು. ತಿಂಗಳ ಮೊದಲ ಭಾನುವಾರ ಮಾತ್ರ ನಮಗೆ ರಜ. ಆ ದಿನ ಎಲ್ಲರೂ ಒಟ್ಟಿಗೆ ಕೂರುವುದು. ಅದು ಸಾಕ್ಷಿಯ ಭಾನುವಾರ. ದೇವರು ಏನು ಮಾಡಿದ ಎಂದು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು.

ಪ್ರಸಂಗವೂ ಬದಲಾಯಿತು. ಕೂಲಿಯವನ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಡ್ರಮ್ಮಿನ ಮೇಲೆ ನಿಂತು ಗುಡುಗುತ್ತಿದ್ದವನು, ಈಗ ತಾಳ್ಮೆಯ ಬಗ್ಗೆ ಬೋಧಿಸುತ್ತಿದ್ದ. ಕೆಲಸ ಕೊಟ್ಟವರಿಗೆ ವಿಧೇಯರಾಗಿ ಅನ್ನುತ್ತಿದ್ದ. ದನಿ ಮಾತ್ರ ಅದೇ. ದನಿ ಕೇಳಿ ನಾವು ಮೋಸ ಹೋದೆವು.

ಆಸ್ಪತ್ರೆಯಲ್ಲಿ ತಂಗಿಯ ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಿದರು. ಎಚ್ಚರವಾದಾಗ ಬ್ಯಾಂಡೇಜ್ ನೋಡಿಕೊಂಡಳು. ಆಮೇಲೆ, "ಇನ್ಮೇಲೆ ಪಾತ್ರೆ ತೊಳೆಯೋದೆಲ್ಲ ನಿಂದೇ ಕಣೇ ಅಕ್ಕ" ಅಂದಳು. ಅವಳು ಯಾವಾಗಲೂ ಹಾಗೆ. ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ನಾಲ್ಕನೆಯ ದಿನ ಪಾಸ್ಟರ್ ಬಂದ. ಹಣ್ಣು ತಂದಿದ್ದ. ತಂಗಿಯ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಪ್ರಾರ್ಥನೆಯ ಮಧ್ಯೆ ನಿಲ್ಲಿಸಿ ಕಣ್ಣೊರೆಸಿಕೊಂಡ. ಅದು ನಾಟಕವಲ್ಲ, ನನಗೆ ಗೊತ್ತು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದ.

"ಅಕ್ಕ, ಮುಂದಿನ ಸೋಮವಾರ ಕಾರ್ಖಾನೆ ಇನ್‌ಸ್ಪೆಕ್ಟರ್ ಬರ್ತಾರೆ. ಎಲ್ಲ ಹೆಂಗಸರ ಹೇಳಿಕೆ ತಗೋತಾರೆ."

"ಬರಲಿ. ಹೇಳ್ತೀನಿ."

"ಏನು ಹೇಳ್ತೀಯಾ?"

"ಇದ್ದದ್ದು ಇದ್ದ ಹಾಗೆ."

ಅವನು ಗೋಡೆ ನೋಡಿದ. "ಪಟ್ಟಿ ಮೊದಲಿಂದಲೂ ಇತ್ತು, ಕೈ ಹೋಗಿದ್ದು ಅಜಾಗರೂಕತೆಯಿಂದ ಅಂತ ಯಜಮಾನರು ಬರೆದುಕೊಟ್ಟಿದ್ದಾರೆ."

"ಸುಳ್ಳು ಬರೆದುಕೊಟ್ಟಿದ್ದಾರೆ."

"ಅಕ್ಕ, ಲಾಂಡ್ರಿಗೆ ಬೀಗ ಬಿದ್ರೆ ಐವತ್ತು ಮನೆ ಬೀದಿಗೆ ಬರುತ್ತೆ. ಯೋಚನೆ ಮಾಡು. ತಂಗಿಗೆ ಚರ್ಚಿನ ಆಫೀಸಲ್ಲಿ ಕೂತು ಮಾಡೋ ಕೆಲಸ ಕೊಡಿಸ್ತೀನಿ. ನಾನೇ ಮಾತಾಡಿದೀನಿ." ದನಿ ತಗ್ಗಿಸಿದ. "ಈ ಭಾನುವಾರ ಸಾಕ್ಷಿ. ನೀನು ಎದ್ದು, ಕರ್ತನು ತಂಗಿಯ ಪ್ರಾಣ ಉಳಿಸಿದ, ತಪ್ಪು ನಮ್ಮದೇ, ಯಜಮಾನರು ತಂದೆ ಹಾಗೆ ನೋಡಿಕೊಂಡರು ಅಂತ ಹೇಳಿಬಿಡು. ಸಭೆ ಮುಂದೆ ನೀನೇ ಹಾಗೆ ಹೇಳಿದ ಮೇಲೆ ಸೋಮವಾರ ಯಾರೂ ಬೇರೆ ಮಾತಾಡಲ್ಲ."

"ದೇವರ ಮನೇಲಿ ನಿಂತು ಸುಳ್ಳು ಸಾಕ್ಷಿ ಹೇಳು ಅಂತೀಯಾ?"

"ಸುಳ್ಳು ಅಲ್ಲ ಅಕ್ಕ. ಸ್ವಲ್ಪ ಬಿಟ್ಟು ಹೇಳೋದು. ಪ್ರಾಣ ಉಳಿದಿದ್ದು ನಿಜ ತಾನೇ?"

ನಾನು ಉತ್ತರ ಕೊಡಲಿಲ್ಲ. ಅವನು ಅದನ್ನು ಒಪ್ಪಿಗೆ ಅಂದುಕೊಂಡು ಹೋದ.

ಉತ್ತರ ಕೊಡದಿರಲು ಕಾರಣವಿತ್ತು. ಆ ತಂತಿ ಕಟ್ಟಿದ್ದು ನಾನೇ.

ಎಂಟು ತಿಂಗಳ ಹಿಂದೆ ಮೇಸ್ತ್ರಿ ತಂತಿಯ ಸುರುಳಿ ತಂದು ನನ್ನ ಕೈಗಿಟ್ಟ. 'ನೀನೇ ಹಳಬಳು, ನೀನು ಕಟ್ಟಿದ್ರೆ ಯಾರೂ ಮಾತಾಡಲ್ಲ' ಅಂದ. ನನಗೆ ಹೆದರಿಕೆಯಾಯಿತು. ಪಾಸ್ಟರನ್ನು ಕೇಳಿದೆ. 'ಯಜಮಾನರು ಹೊಸ ಪಟ್ಟಿ ತರಿಸ್ತಾರಂತೆ ಅಕ್ಕ, ಅಲ್ಲೀವರೆಗೆ ಅಡ್ಜಸ್ಟ್ ಮಾಡ್ಕೊ' ಅಂದ. ಇಕ್ಕಳ ಹಿಡಿದು ಮೂರು ಸುತ್ತು ತಿರುವಿ ಬಿಗಿದೆ. ಚೆನ್ನಾಗಿ ಬಿಗಿದೆ. ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ ನಾನು.

ಸತ್ಯ ಹೇಳಬೇಕಾದರೆ ಇದನ್ನೂ ಹೇಳಬೇಕು. ಕಟ್ಟಿದ್ದು ನಾನೆಂದು ತಂಗಿಗೆ ಗೊತ್ತಿರಲಿಲ್ಲ. ಅವಳು ಆಗ ಜ್ವರವೆಂದು ಮನೆಯಲ್ಲಿದ್ದಳು.

ಆ ವಾರವೆಲ್ಲ ಕೆಲಸಕ್ಕೆ ಹೋದೆ. ಅದೇ ರೋಲರ್. ನನ್ನ ಪಕ್ಕ ಬೇರೊಬ್ಬಳು. ತಡೆಪಟ್ಟಿ ದಿನಕ್ಕೆ ಇಪ್ಪತ್ತು ಸಲ ಯಂತ್ರ ನಿಲ್ಲಿಸುತ್ತಿತ್ತು, ಮೇಸ್ತ್ರಿ ತುಟಿ ಬಿಚ್ಚುತ್ತಿರಲಿಲ್ಲ. ಹೆಂಗಸರು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ನಾವು ಹೆಂಗಸರು ಇರುವುದು ಯಜಮಾನರ ಸಾಲುಮನೆಗಳಲ್ಲಿ. ಒಂದು ಗೋಡೆಗೆ ಎರಡು ಮನೆ. ನನ್ನ ಪಕ್ಕದ ಮನೆ ಸೋಪಿನಜ್ಜಿಯದು. ನಲ್ಲಿಯ ಹತ್ತಿರ ಅಜ್ಜಿ ನನ್ನ ತೋಳು ಹಿಡಿದಳು.

"ಏನು ಹೇಳ್ತೀಯೇ ಮಗಳೇ ಭಾನುವಾರ?"

"ನೀನೇನು ಹೇಳ್ತೀಯಜ್ಜಿ ಸೋಮವಾರ?"

"ನನಗೆ ಕಣ್ಣು ಮಂಜು. ಪಟ್ಟಿ ಇತ್ತೋ ಇಲ್ವೋ ಕಾಣಲಿಲ್ಲ ಅಂತೀನಿ."

"ಸೂಜಿಗೆ ದಾರ ಪೋಣಿಸ್ತೀಯ, ಪಟ್ಟಿ ಕಾಣಲ್ವಾ?"

ಅಜ್ಜಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ತಂಗಿಯನ್ನು ಮನೆಗೆ ಕರೆತಂದೆ. ಅವಳಿಗೆ ಗಂಜಿ ತಿನ್ನಿಸುತ್ತಾ ತಂತಿಯ ವಿಷಯ ಹೇಳಿದೆ. ಚಮಚ ನನ್ನ ಕೈಯಲ್ಲೇ ನಿಂತಿತು. ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ, ಎಡಗೈಯಲ್ಲಿ ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ. ಬಾರಿಸಲಿ ಅಂತಲೂ ಇತ್ತು.

"ನನಗೆ ಹೇಳಿದ್ದಾಯ್ತಲ್ಲ," ಅಂದಳು. "ನಾಳೆ ಅಲ್ಲೂ ಹೇಳು. ಹೇಳದಿದ್ರೆ ನಿನ್ನ ಕೈಯಿಂದ ಊಟ ಮಾಡಲ್ಲ ನಾನು."

ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಯಜಮಾನರು, ಅವರ ಹೆಂಡತಿ. ಕಿಟಕಿಯ ಪಕ್ಕ ನಾವು. ತಂಗಿ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ತೋಳು ಇಳಿಬಿಟ್ಟು ನನ್ನ ಪಕ್ಕ ಕೂತಿದ್ದಳು. ಇಬ್ಬರು ಮೂವರು ಸಾಕ್ಷಿ ಹೇಳಿದರು. ಒಬ್ಬರಿಗೆ ಕಾರು ಸಿಕ್ಕಿತ್ತು. ಒಬ್ಬರ ಮಗನಿಗೆ ಕಾಲೇಜು ಸಿಕ್ಕಿತ್ತು. ಸಭೆ ಸ್ತೋತ್ರ ಅಂದಿತು. ಆಮೇಲೆ ಪಾಸ್ಟರ್, "ಈಗ ನಮ್ಮೆಲ್ಲರ ಅಕ್ಕ, ದೊಡ್ಡ ಪರೀಕ್ಷೆಯಲ್ಲೂ ದೇವರನ್ನು ಬಿಡದವರು" ಎಂದು ನನ್ನನ್ನು ಕರೆದ.

ಮೈಕು ಹಿಡಿದೆ.

"ನನ್ನ ತಂಗಿ ಪ್ರಾಣ ಉಳೀತು. ಅದಕ್ಕೆ ದೇವರಿಗೆ ಸ್ತೋತ್ರ," ಅಂದೆ.

ಸಭೆ ಸ್ತೋತ್ರ ಅಂದಿತು. ಯಜಮಾನರು ಕಣ್ಣು ಮುಚ್ಚಿಕೊಂಡರು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು.

"ಅವಳ ಕೈ ತೆಗೆದದ್ದು ದೇವರಲ್ಲ. ತಡೆಪಟ್ಟಿ ಎಂಟು ತಿಂಗಳಿಂದ ಮೇಲೆ ಕಟ್ಟಿತ್ತು. ಕಟ್ಟಿಸಿದ್ದು ಯಜಮಾನರು. ತಂತಿ ತಂದಿದ್ದು ಮೇಸ್ತ್ರಿ. ಕಟ್ಟಿದ್ದು ನಾನು, ಈ ಕೈಯಿಂದ. ಕಟ್ಟು, ಪರವಾಗಿಲ್ಲ ಅಂದದ್ದು ನಮ್ಮ ಪಾಸ್ಟರು."

ಯಾರೋ ಕೆಮ್ಮಿದರು. ಯಜಮಾನರ ಕಣ್ಣು ತೆರೆಯಿತು. ಪಾಸ್ಟರ್ ಕೈ ಸನ್ನೆ ಮಾಡಿದ್ದು ಕಂಡಿತು. ಮೈಕು ಸತ್ತಿತು.

ಮೈಕು ಸತ್ತರೆ ನನಗೇನು? ಹದಿನೆಂಟು ವರ್ಷ ಯಂತ್ರದ ಸದ್ದಿನ ಮೇಲೆ ಮಾತಾಡಿದ ಗಂಟಲು ನನ್ನದು.

"ಕೆಲಸ ಇತ್ತು ಅಂತ ಆರಾಧನೆ ಬಿಟ್ಟೆವು! ವಾಸನೆ ಅಂದರು, ಕಿಟಕಿ ಪಕ್ಕ ಕೂತೆವು! ಒಂದೊಂದೇ ಬಿಟ್ಟೆವು! ಬಿಟ್ಟು ಬಿಟ್ಟು ಇವತ್ತು ಸತ್ಯ ಬಿಡಿ ಅಂತಿದಾರೆ! ದೇವರ ಮನೇಲಿ ಸತ್ಯಕ್ಕೆ ಜಾಗ ಇಲ್ಲ ಅಂದ್ರೆ ಇದು ಯಾರ ಮನೆ?"

ಆಗ ಪಾಸ್ಟರ್ ಹಾಡು ಎತ್ತಿದ. ಅವನ ಮೈಕು ಸತ್ತಿರಲಿಲ್ಲ. ಇದ್ದುದರಲ್ಲೆಲ್ಲ ಜೋರಾದ ಹಾಡು, ಚಪ್ಪಾಳೆ ತಟ್ಟಿ ಹೇಳುವ ಹಾಡು. ಕೀಬೋರ್ಡಿನವನು ಸೇರಿಕೊಂಡ. ಮುಂದಿನ ಸಾಲು ಎದ್ದು ನಿಂತು ಹಾಡಿತು. ಅದರಿಂದ ನನಗೆ ನೋವಾಗಲಿಲ್ಲ. ಕಿಟಕಿಯ ಪಕ್ಕದವರೂ ಎದ್ದರು. ಒಬ್ಬೊಬ್ಬರೇ. ನನ್ನ ಜೊತೆ ಶೀಟು ಹಿಡಿದವರು, ಆ ಬೆಳಿಗ್ಗೆ ತಂಗಿಯ ಕೈಗೆ ನೀರು ಸುರಿದವರು. ಸೋಪಿನಜ್ಜಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಾಡಿದಳು, ತಟ್ಟಿದಳು. ಇಡೀ ಚರ್ಚು ಚಪ್ಪಾಳೆ ತಟ್ಟುತ್ತಿತ್ತು. ತಂಗಿ ಒಬ್ಬಳೇ ಕೂತಿದ್ದಳು. ಇದ್ದ ಒಂದು ಕೈ ತೊಡೆಯ ಮೇಲಿತ್ತು.

ನಾನು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಕೊನೆಗೆ ಮೈಕು ನೆಲದ ಮೇಲಿಟ್ಟು, ತಂಗಿಯನ್ನು ಎಬ್ಬಿಸಿಕೊಂಡು ಮಧ್ಯದ ದಾರಿಯಲ್ಲೇ ನಡೆದು ಹೊರಗೆ ಬಂದೆ. ಗೇಟು ದಾಟಿದ ಮೇಲೂ ಹಾಡು ಕೇಳುತ್ತಿತ್ತು. ಒಳ್ಳೆಯ ಹಾಡು. ಅಮ್ಮನಿಗೆ ಇಷ್ಟವಾದ ಹಾಡು.

ಸೋಮವಾರ ಇನ್‌ಸ್ಪೆಕ್ಟರ್ ಬಂದರು. ಹೆಂಗಸೇ. ಒಳ್ಳೆಯವರಂತೆ ಕಂಡರು. ಪಟ್ಟಿಗೆ ಬೆರಳು ತಾಗಿಸಿ ನೋಡಿದರು, ಯಂತ್ರ ನಿಂತಿತು. ಹನ್ನೊಂದು ಜನರ ಹೇಳಿಕೆ ಬರೆದುಕೊಂಡರು. ಹತ್ತು ಜನ ಪಟ್ಟಿ ಮೊದಲಿಂದಲೂ ಇತ್ತು ಅಂದರು. ನಾನು, ಪಟ್ಟಿ ಮೇಲೆ ಕಟ್ಟಿತ್ತು ಅಂದೆ. "ನಿಮ್ಮ ಜೊತೆ ಇನ್ನೊಬ್ಬರು ಹೇಳಿದ್ರೂ ಸಾಕಿತ್ತು ಅಮ್ಮ," ಅಂದರು. "ತಂಗಿ ಹೇಳ್ತಾಳೆ" ಅಂದೆ. "ಅವರು ಪೆಟ್ಟು ತಿಂದವರು. ಬೇರೆಯವರು ಬೇಕು," ಎಂದು ಕಡತ ಮುಚ್ಚಿದರು. ತಂತಿ ಕಟ್ಟಿದ್ದು ನಾನೆಂದು ಹೇಳಿದ್ದನ್ನು ಮಾತ್ರ ಮೇಸ್ತ್ರಿ ಚೆನ್ನಾಗಿ ನೆನಪಿಟ್ಟುಕೊಂಡ. ಯಂತ್ರ ಕೆಡಿಸಿದವಳು ಎಂದು ಸಂಜೆಗೆ ನನ್ನನ್ನು ಕೆಲಸದಿಂದ ತೆಗೆದರು. ತಿಂಗಳೊಳಗೆ ಮನೆ ಬಿಡಬೇಕು ಅಂದರು.

ಚರ್ಚಿನಿಂದಲೂ ಕಾಗದ ಬಂತು. ಸಭೆಯಲ್ಲಿ ಒಡಕು ತಂದದ್ದಕ್ಕೆ ಆರು ತಿಂಗಳು ನನಗೆ ಪವಿತ್ರ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಹಿರಿಯರ ಸಹಿಗಳಲ್ಲಿ ಮೊದಲನೆಯದು ಯಜಮಾನರದು. ಕೊನೆಯದು ನನ್ನಿಂದ ಅಕ್ಷರ ಕಲಿತವನದು.

ಮೂರು ವಾರ ಕಳೆದು ಒಂದು ಮಧ್ಯಾಹ್ನ ಅವನೇ ಬಂದ. ಲಾಂಡ್ರಿಯಲ್ಲಿ ಪಾಳಿ ಬದಲಾಗುವ ಹೊತ್ತು, ಸಾಲುಮನೆಗಳಲ್ಲಿ ಜನ ಇದ್ದರು. ಬಾಗಿಲಲ್ಲಿ ನಿಂತ. ಒಳಗೆ ಕರೆಯಲಿಲ್ಲ ನಾನು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ತಂಗಿ ಹೊಸ್ತಿಲ ಬಳಿ ಕೂತು ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು.

"ನಿದ್ದೆ ಬರ್ತಿಲ್ಲ ಅಕ್ಕ," ಅಂದ.

"ಅವಳಿಗೂ ಬರಲ್ಲ. ಇಲ್ಲದ ಬೆರಳು ಉರಿಯುತ್ತಂತೆ."

"ನನಗೆ ಬೇರೆ ದಾರಿ ಇರಲಿಲ್ಲ. ಚರ್ಚು ಉಳಿಸಬೇಕಿತ್ತು. ನೀನು ಒಂದು ಮಾತು... ಪರವಾಗಿಲ್ಲ ಕಣೋ ಅಂತ ಒಂದು ಮಾತು ಹೇಳು."

ಆ ಮಾತು ನನ್ನ ನಾಲಿಗೆಯ ಮೇಲೆ ಎಷ್ಟು ಸುಲಭವಾಗಿ ಬರುತ್ತಿತ್ತು ಒಂದು ಕಾಲಕ್ಕೆ! ಇಷ್ಟು ವರ್ಷ ಎಲ್ಲದಕ್ಕೂ ಅದನ್ನೇ ಹೇಳಿದ್ದೆ.

"ಪರವಾ ಇದೆ," ಅಂದೆ. "ಹೇಳಲ್ಲ."

"ಹಾಗಾದ್ರೆ ಪ್ರಾರ್ಥನೆ ಮಾಡು ನನಗಾಗಿ. ಅದಕ್ಕೂ ಇಲ್ಲ ಅಂತೀಯಾ?"

"ಮಾಡ್ತೀನಿ. ಚಪ್ಪಲಿ ಬಿಡು."

ಅವನು ಚಪ್ಪಲಿ ಬಿಟ್ಟು ತಲೆ ಬಾಗಿಸಿದ. ನಾನು ಗೋಣಿಚೀಲ ಬಿಟ್ಟು ಎದ್ದೆ. ಬಾಗಿಲನ್ನು ಪೂರ್ತಿ ತೆಗೆದೆ. ಲಾಂಡ್ರಿಯ ದನಿಯಲ್ಲೇ ಪ್ರಾರ್ಥಿಸಿದೆ.

"ಕರ್ತನೇ, ಇಲ್ಲಿ ನಿಂತಿರೋನು ನಿನ್ನ ಸೇವಕ. ಒಂದು ಕಾಲಕ್ಕೆ ನಮಗಾಗಿ ಗೇಟಲ್ಲಿ ನಿಂತವನು. ನಿನ್ನ ಮನೆ ಉಳಿಸ್ತೀನಿ ಅಂತ ಹೋಗಿ ನಿನ್ನನ್ನೇ ಹೊರಗೆ ಹಾಕಿದಾನೆ. ಪಟ್ಟಿ ಇರಲಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು, ಈ ಸಾಲುಮನೆಯ ಹತ್ತು ಹೆಂಗಸರಿಗೂ ಗೊತ್ತು. ನನ್ನ ಕೈಯ ಪಾಪವನ್ನ ನಾನು ಒಪ್ಪಿಕೊಂಡೆ. ಇವರು ಒಪ್ಪಿಕೊಳ್ಳೋವರೆಗೂ ಇವರಿಗೆ ನಿದ್ದೆ ಕೊಡಬೇಡ. ಊಟ ರುಚಿಸದಿರಲಿ. ಹಾಡು ಗಂಟಲಲ್ಲೇ ಸಿಕ್ಕಿಕೊಳ್ಳಲಿ. ಯೇಸುವಿನ ಹೆಸರಲ್ಲಿ ಬೇಡ್ತೀನಿ, ತಂದೆಯೇ."

ಅಕ್ಕಪಕ್ಕದ ಬಾಗಿಲುಗಳಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಆಮೆನ್ ಅನ್ನು," ಅಂದೆ ಅವನಿಗೆ.

ಅವನ ಬಾಯಿ ತೆರೆಯಿತು. ಅವನು ಅತ್ತ. ಅಳು ಆಮೆನ್ ಅಲ್ಲ. ಕಾದೆ. ಅವನು ಚಪ್ಪಲಿ ಮೆಟ್ಟಿಕೊಂಡು, ಜನ ನೋಡುತ್ತಿದ್ದಂತೆ, ಗೋಡೆಯ ಬದಿ ಹಿಡಿದು ಹೊರಟುಹೋದ.

ಆಗ ನಮ್ಮ ಗೋಡೆಯಾಚೆಯಿಂದ, ಸೋಪಿನಜ್ಜಿಯ ಮನೆಯೊಳಗಿಂದ, ತೀರಾ ಸಣ್ಣ ದನಿಯಲ್ಲಿ ಕೇಳಿಸಿತು:

"ಆಮೆನ್."

ತಂಗಿ ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಗೋಡೆಗೆ ಅಂಗೈಯಿಂದ ಬಡಿದೆ. ಸುಣ್ಣ ಉದುರಿತು.

"ಒಳಗೆ ಕೂತು ಏನಂತೀಯಜ್ಜಿ?" ಎಂದು ಕೂಗಿದೆ. "ಹೊರಗೆ ಬಂದು ಹೇಳು!"